ತಣಿಸುವಾಗ ಒಂದು ಗೆರೆ, ಬೆಚ್ಚಗಾಗಿಸುವಾಗ ಇನ್ನೊಂದು: ಇದು ವಸ್ತುವಿನ ಗುಣವೋ, ಥರ್ಮಾಮೀಟರಿನ ಆಟವೋ?

ಧಾರವಾಡದ ಹುಡುಗಿ, ಪುಣೆ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಭೌತವಿಜ್ಞಾನ ಎಂ.ಎಸ್‌ಸಿ.ಯ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟಿಗಾಗಿ ವನೇಡಿಯಮ್ ಟ್ರೈಆಕ್ಸೈಡ್ ಬಿಲ್ಲೆಯ ವಿದ್ಯುತ್ ರೋಧವನ್ನು ಕೊಠಡಿಯ ತಾಪಮಾನದಿಂದ 80 ಕೆಲ್ವಿನ್‌ವರೆಗೆ (ಸುಮಾರು ಮೈನಸ್ 193 ಡಿಗ್ರಿ ಸೆಲ್ಸಿಯಸ್) ಅಳೆಯುತ್ತಿದ್ದೇನೆ. ಈ ವಸ್ತು 150–160 ಕೆಲ್ವಿನ್ ಸುಮಾರಿಗೆ ಲೋಹದ ಗುಣವನ್ನು ಬಿಟ್ಟು ಅವಾಹಕವಾಗುತ್ತದೆ. ಒಳ್ಳೆಯ ಹರಳಾದರೆ ರೋಧ ಹತ್ತು ಲಕ್ಷ ಪಟ್ಟಿಗೂ ಮೀರಿ ಏರುತ್ತದೆ.

ನಮ್ಮ ಸಾಧನ ಬಡವರದು. ಉದ್ದದ ಸ್ಟೀಲ್ ಕೊಳವೆ, ಅದರೊಳಗೆ ನಿರ್ವಾತ, ತುದಿಯಲ್ಲಿ ಬೆರಳುದ್ದದ ತಾಮ್ರದ ದಿಮ್ಮಿ. ದಿಮ್ಮಿಯ ಮೇಲ್ಭಾಗದಲ್ಲಿ ತೆಳುವಾದ ಕಾಗದವಿಟ್ಟು ವಾರ್ನಿಷ್ ಹಚ್ಚಿ ಬಿಲ್ಲೆಯನ್ನು ಅಂಟಿಸಿದ್ದೇನೆ. ಕೆಳತುದಿಯ ರಂಧ್ರದಲ್ಲಿ ಪ್ಲಾಟಿನಂ ಥರ್ಮಾಮೀಟರ್, ಅದರ ಪಕ್ಕದಲ್ಲೇ ಹೀಟರ್. ಕೊಳವೆಯನ್ನು ದ್ರವ ಸಾರಜನಕದ ಪಾತ್ರೆಯೊಳಗೆ ಇಳಿಸುತ್ತೇವೆ. ಬಿಲ್ಲೆಗೆ ನಾಲ್ಕು ತಂತಿ: ಹೊರಗಿನ ಎರಡರಲ್ಲಿ 1 ಮಿಲಿಆಂಪಿಯರ್ ಕರೆಂಟ್, ಒಳಗಿನ ಎರಡರಲ್ಲಿ ವೋಲ್ಟೇಜ್.

ನನ್ನ ತೊಡಕು ಎರಡು. ನಿಮಿಷಕ್ಕೆ 5 ಕೆಲ್ವಿನ್ ವೇಗದಲ್ಲಿ ತಣಿಸಿ, ಅದೇ ವೇಗದಲ್ಲಿ ಬೆಚ್ಚಗಾಗಿಸಿದರೆ ರೋಧದ ಗ್ರಾಫಿನ ಎರಡು ಗೆರೆಗಳ ನಡುವೆ 18 ಕೆಲ್ವಿನ್ ಅಂತರ ಬರುತ್ತಿದೆ. ಇದರಲ್ಲಿ ಅಂತರ ಇರುವುದು ಸಹಜವೆಂದು ಓದಿದ್ದೇನೆ, ಆದರೆ ಹತ್ತರ ಆಸುಪಾಸು. ಎರಡನೆಯದು, ಸುಮಾರು 130 ಕೆಲ್ವಿನ್‌ನಿಂದ ಕೆಳಗೆ ರೋಧ 15 ಕಿಲೋಓಮ್‌ಗೆ ಬಂದು ಚಪ್ಪಟೆಯಾಗಿ ನಿಂತುಬಿಡುತ್ತದೆ. ಅವಾಹಕದ ರೋಧ ಏರುತ್ತಲೇ ಹೋಗಬೇಕಲ್ಲವೇ?

ಹೀಲಿಯಂ ಕಾಕಾ, ಚೆಂಬೂರು

ತಂಗಿ, ಪ್ರಶ್ನೆಯ ಜೊತೆಗೆ ಸೆನ್ಸರ್ ಎಲ್ಲಿದೆ, ಹೀಟರ್ ಎಲ್ಲಿದೆ ಎಂದು ಬರೆದಿದ್ದೀಯ. ಅರ್ಧ ಉತ್ತರ ಅದರಲ್ಲೇ ಇದೆ. ಶೀತ ಪ್ರಯೋಗಾಲಯದಲ್ಲಿ ನೌಕರಿ ಮಾಡಿ ನಿವೃತ್ತನಾದವನು ನಾನು. ಬಂದವರೆಲ್ಲ ಗ್ರಾಫ್ ತೋರಿಸುತ್ತಿದ್ದರು, ಸೆನ್ಸರ್ ಎಲ್ಲಿ ಕೂತಿದೆ ಎಂದು ಹೇಳುವವರು ಕಡಿಮೆ.

ಥರ್ಮಾಮೀಟರ್ ಹೇಳುವುದು ತನ್ನ ತಾಪಮಾನವನ್ನು ಮಾತ್ರ. ನಿನ್ನ ಸೆನ್ಸರ್ ತಣ್ಣನೆಯ ತುದಿಯಲ್ಲಿದೆ, ಬಿಲ್ಲೆ ಮೇಲಿದೆ, ನಡುವೆ ತಾಮ್ರ, ಕಾಗದ, ವಾರ್ನಿಷ್. ತಣಿಸುವಾಗ ಸೆನ್ಸರ್ ಮುಂದೆ ಓಡುತ್ತದೆ, ಬಿಲ್ಲೆ ಹಿಂದೆ ಬೆಚ್ಚಗೆ ಉಳಿದಿರುತ್ತದೆ. ಬೆಚ್ಚಗಾಗಿಸುವಾಗಲೂ ಹೀಟರ್ ಸೆನ್ಸರ್‌ನ ಮಗ್ಗುಲಲ್ಲೇ ಇರುವುದರಿಂದ ಮತ್ತೆ ಅದೇ ಮುಂದೆ. ಆದ್ದರಿಂದ ಒಂದು ಗೆರೆ ಎಡಕ್ಕೆ ಸರಿಯುತ್ತದೆ, ಇನ್ನೊಂದು ಬಲಕ್ಕೆ. ಪಕ್ಕದ ಮನೆಯವನ ಜ್ವರ ನೋಡಿ ನಿನಗೆ ಮಾತ್ರೆ ಬರೆದುಕೊಟ್ಟಂತೆ ಇದು.

ಲೆಕ್ಕ ಸುಲಭ. ಬಿಲ್ಲೆ ಹಿಂದುಳಿಯುವ ಪ್ರಮಾಣ ಎಂದರೆ ತಣಿಸುವ ವೇಗ ಗುಣಿಸು ಬಿಲ್ಲೆಗೆ ಸುದ್ದಿ ಮುಟ್ಟಲು ಹಿಡಿಯುವ ಕಾಲ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಒಟ್ಟು ಇಮ್ಮಡಿ. ಇದು ವೇಗಕ್ಕೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತದೆ. ವಸ್ತುವಿನ ಸ್ವಂತ ಅಂತರ ಹಾಗೆ ಬದಲಾಗುವುದಿಲ್ಲ. ಮೂರು ಬೇರೆ ಬೇರೆ ವೇಗದಲ್ಲಿ ತೆಗೆ. ಅಡ್ಡಕ್ಕೆ ವೇಗ, ಉದ್ದಕ್ಕೆ ಅಂತರ ಇಟ್ಟು ಗೆರೆ ಎಳೆ. ವೇಗ ಸೊನ್ನೆಯಾಗುವಲ್ಲಿ ಗೆರೆ ಎಲ್ಲಿ ಮುಟ್ಟುತ್ತದೆಯೋ ಅದು ವಸ್ತುವಿನದು, ಉಳಿದದ್ದು ನಿನ್ನ ಕೊಳವೆಯದು.

ಕಾರವಾರದ ಮೇಷ್ಟ್ರು, ಪಣಜಿ

ಎರಡನೆಯ ತೊಡಕಿಗೆ ನಾನು ಉತ್ತರಿಸುತ್ತೇನೆ. ನಿಮ್ಮ ಕರೆಂಟ್ ಸೋರ್ಸಿನ ಗರಿಷ್ಠ ವೋಲ್ಟೇಜ್ ಎಷ್ಟೆಂದು ಅದರ ಹಿಂಬದಿಯಲ್ಲಿ ನೋಡಿ. 20 ವೋಲ್ಟ್ ಇರಬಹುದೆಂಬುದು ನನ್ನ ಊಹೆ. 1 ಮಿಲಿಆಂಪಿಯರನ್ನು ಒಂದು ಮೆಗಾಓಮ್ ಮೂಲಕ ತಳ್ಳಲು ಸಾವಿರ ವೋಲ್ಟ್ ಬೇಕು. ಪಾಪ, ಆ ಪೆಟ್ಟಿಗೆಗೆ ಅಷ್ಟು ಶಕ್ತಿ ಎಲ್ಲಿಂದ ಬರಬೇಕು? ಅದು ತನ್ನ ಮಿತಿ ಮುಟ್ಟಿದ ಮೇಲೆ ಕರೆಂಟನ್ನು ಇಳಿಸುತ್ತದೆ. ನೀವು ಮಾತ್ರ 1 ಮಿಲಿಆಂಪಿಯರ್ ಹರಿಯುತ್ತಿದೆ ಎಂದುಕೊಂಡು ಭಾಗಿಸುತ್ತಿದ್ದೀರಿ. ಒಳತಂತಿಗಳ ನಡುವೆ 15 ವೋಲ್ಟ್, ಉಳಿದದ್ದು ಹೊರಭಾಗಗಳಲ್ಲಿ. ಚಪ್ಪಟೆ ಗೆರೆ ವನೇಡಿಯಮ್‌ನದಲ್ಲ, ಪೆಟ್ಟಿಗೆಯದು.

ಇನ್ನೊಂದು ಅಪಾಯ ಇದಕ್ಕೂ ದೊಡ್ಡದು. 15 ವೋಲ್ಟ್, 1 ಮಿಲಿಆಂಪಿಯರ್ ಎಂದರೆ 15 ಮಿಲಿವಾಟ್ ಶಾಖ ಬಿಲ್ಲೆಯೊಳಗೇ ಹುಟ್ಟುತ್ತದೆ. ನಿರ್ವಾತದಲ್ಲಿ, ಕಾಗದದ ಮೇಲೆ ಕುಳಿತ ಬಿಲ್ಲೆಗೆ ಅದು ಸಣ್ಣದಲ್ಲ. ಅವಾಹಕದ ಕಡೆಗೆ ಮೈಕ್ರೋಆಂಪಿಯರ್‌ಗೆ, ಆಮೇಲೆ ಅದಕ್ಕೂ ಕೆಳಗೆ ಇಳಿಯಿರಿ. ಕರೆಂಟನ್ನು ಅರ್ಧ ಮಾಡಿದಾಗ ವೋಲ್ಟೇಜ್ ಕರಾರುವಾಕ್ಕಾಗಿ ಅರ್ಧವಾಗದಿದ್ದರೆ ಆ ಬಿಂದುವನ್ನು ಗ್ರಾಫಿಗೆ ಹಾಕಬೇಡಿ. ವೋಲ್ಟ್‌ಮೀಟರಿನ ಒಳರೋಧವನ್ನೂ ನೋಡಿಕೊಳ್ಳಿ. ಕೈಯಲ್ಲಿ ಹಿಡಿಯುವ ಸಾಧಾರಣ ಮೀಟರಿನದು 10 ಮೆಗಾಓಮ್. ಬಿಲ್ಲೆ ಆ ಮಟ್ಟಕ್ಕೆ ಏರಿದಾಗ ಕರೆಂಟ್ ಮೀಟರಿನೊಳಗೂ ಹರಿಯುತ್ತದೆ.

ಲೋಹದ ಕಡೆಯಲ್ಲಿ ತೊಂದರೆ ಇದಕ್ಕೆ ತದ್ವಿರುದ್ಧ. ಅಲ್ಲಿ ರೋಧ ಒಂದು ಓಮ್‌ಗಿಂತ ಕಡಿಮೆ, ಸಿಗುವ ವೋಲ್ಟೇಜ್ ಮೈಕ್ರೋವೋಲ್ಟ್‌ಗಳಲ್ಲಿ. ಕೊಠಡಿಯಿಂದ 80 ಕೆಲ್ವಿನ್‌ವರೆಗೆ ಇಳಿಯುವ ತಂತಿಯಲ್ಲಿ ತಾಪಮಾನದ ವ್ಯತ್ಯಾಸದಿಂದಲೇ ಅಷ್ಟು ವೋಲ್ಟೇಜ್ ಹುಟ್ಟುತ್ತದೆ. ಪ್ರತಿ ಬಿಂದುವಿನಲ್ಲಿ ಕರೆಂಟನ್ನು ತಿರುಗಿಸಿ ಎರಡು ಸಲ ಅಳೆದು, ವ್ಯತ್ಯಾಸದ ಅರ್ಧ ತೆಗೆದುಕೊಂಡರೆ ಅದು ಕಳೆದುಹೋಗುತ್ತದೆ. ಪದವಿ ತರಗತಿಗಳಲ್ಲಿ ಇದನ್ನು ಹೇಳುತ್ತೇವೆ, ಮಾಡಿಸುವುದಿಲ್ಲ.

ಡೊಂಬಿವಲಿ ಲೋಕಲ್

ಎಂ.ಆರ್.ಐ. ಯಂತ್ರಗಳ ದುರಸ್ತಿ ನನ್ನ ಕೆಲಸ. ಇಷ್ಟೆಲ್ಲ ಒದ್ದಾಟ ಏಕೆ? ಭೌತಿಕ ಗುಣಗಳನ್ನು ತಾನೇ ಅಳೆಯುವ ಯಂತ್ರಗಳು ಈಗ ಹಲವು ಸಂಸ್ಥೆಗಳಲ್ಲಿವೆ. ಸ್ಯಾಂಪಲ್ ಕೊಟ್ಟರೆ 2 ಕೆಲ್ವಿನ್‌ನಿಂದ ಕೊಠಡಿ ತಾಪಮಾನದವರೆಗೆ ರೋಧ, ಕಾಂತತ್ವ, ವಿಶಿಷ್ಟ ಉಷ್ಣ (ವಸ್ತುವನ್ನು ಒಂದು ಕೆಲ್ವಿನ್ ಬೆಚ್ಚಗಾಗಿಸಲು ಬೇಕಾದ ಶಾಖ) ಎಲ್ಲವನ್ನೂ ತೆಗೆದುಕೊಡುತ್ತವೆ. ಪುಣೆಯಲ್ಲೇ ಐಸರ್, ಎನ್‌ಸಿಎಲ್ ಎಂಬ ಸಂಶೋಧನಾ ಸಂಸ್ಥೆಗಳಿವೆ. ಸಮಯ ಕೇಳಿ ನೋಡಬಹುದು.

ಹೀಲಿಯಂ ಕಾಕಾ, ಚೆಂಬೂರು

ಕೇಳಲಿ, ತಪ್ಪೇನಿಲ್ಲ. ಆದರೆ ಗುಂಡಿ ಒತ್ತುವ ಯಂತ್ರದಲ್ಲಿಯೂ ಒಂದು ಸೆನ್ಸರ್ ಇದೆ, ಅದೂ ತನ್ನ ತಾಪಮಾನವನ್ನೇ ಹೇಳುತ್ತದೆ. ಯಂತ್ರ ದುಬಾರಿ ಎಂದ ಮಾತ್ರಕ್ಕೆ ಶಾಖಕ್ಕೆ ಬೇರೆ ದಾರಿ ಹುಟ್ಟುವುದಿಲ್ಲ.

ಮಿಲಿಕೆಲ್ವಿನ್, ಕೊಲಾಬಾ

ಕಾಕಾ ಹೇಳಿದ್ದಕ್ಕೆ ಒಂದು ಉದಾಹರಣೆ ಸೇರಿಸುತ್ತೇನೆ. ಅಂಥ ಯಂತ್ರದಲ್ಲಿ ವಿಶಿಷ್ಟ ಉಷ್ಣ ಅಳೆಯುವ ರೀತಿ ಹೀಗೆ: ಕೆಲವೇ ಮಿಲಿಮೀಟರ್ ಅಗಲದ ವೇದಿಕೆಯೊಂದು ಕೂದಲೆಳೆಯಂಥ ತಂತಿಗಳ ಮೇಲೆ ತೂಗುತ್ತಿರುತ್ತದೆ. ಅದರ ಮೇಲೆ ಒಂದು ಚುಕ್ಕೆ ಗ್ರೀಸ್, ಗ್ರೀಸಿನ ಮೇಲೆ ಕೆಲವು ಮಿಲಿಗ್ರಾಂ ಸ್ಯಾಂಪಲ್. ಹೀಟರ್ ಒಂದು ಕ್ಷಣ ಬಿಸಿ ಮಾಡಿ ನಿಲ್ಲುತ್ತದೆ. ವೇದಿಕೆ ಮತ್ತೆ ತಣಿಯಲು ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದ ಉಷ್ಣವನ್ನು ಲೆಕ್ಕ ಹಾಕುತ್ತದೆ. ಮೊದಲು ಬರೀ ವೇದಿಕೆ ಮತ್ತು ಗ್ರೀಸನ್ನು ಅಳೆದು, ಆಮೇಲೆ ಸ್ಯಾಂಪಲ್ ಇಟ್ಟು ಅಳೆದು, ಕಳೆಯಬೇಕು. ನಡುವೆ ಗ್ರೀಸ್ ಸ್ವಲ್ಪ ಒರೆಸಿಹೋದರೆ ಅದರ ಉಷ್ಣ ನಿಮ್ಮ ವಸ್ತುವಿನ ಖಾತೆಯಿಂದ ಕಳೆದುಹೋಗುತ್ತದೆ. ಕೊಠಡಿ ತಾಪಮಾನದಲ್ಲಿ ಒಂದು ಮೋಲ್ ತಾಮ್ರದ ಉಷ್ಣ ಕೆಲ್ವಿನ್‌ಗೆ ಸುಮಾರು 24 ಜೂಲ್, 4.2 ಕೆಲ್ವಿನ್‌ನಲ್ಲಿ ಆರೇಳು ಮಿಲಿಜೂಲ್ ಮಾತ್ರ. ಅಲ್ಲಿ ಗ್ರೀಸಿನದೇ ದೊಡ್ಡ ಪಾಲಾಗಿಬಿಡಬಹುದು.

ವನೇಡಿಯಮ್ ಟ್ರೈಆಕ್ಸೈಡ್‌ನಲ್ಲಿ ಇನ್ನೊಂದು ಬಲೆ ಇದೆ. ಅದರ ಬದಲಾವಣೆ ನೀರು ಹೆಪ್ಪುಗಟ್ಟುವ ಜಾತಿಯದು, ಸುಪ್ತೋಷ್ಣ (ಸ್ಥಿತಿ ಬದಲಾಗುವಾಗ ಹೊರಬೀಳುವ ಅಥವಾ ಹೀರಲ್ಪಡುವ ಶಾಖ) ಇರುವಂಥದ್ದು. ಆ ಹೊತ್ತಿನಲ್ಲಿ ವೇದಿಕೆ ತಣಿಯುವ ಗೆರೆ ನಡುವೆ ಮೆಟ್ಟಿಲು ಹಾಕುತ್ತದೆ. ಯಂತ್ರಕ್ಕೆ ಅದು ತಿಳಿಯದು. ನಯವಾದ ವಕ್ರರೇಖೆಯೆಂದೇ ನಂಬಿ ಲೆಕ್ಕ ಹಾಕಿ, ವಿಶಿಷ್ಟ ಉಷ್ಣದ ಬೆಟ್ಟದಂಥ ಶಿಖರವನ್ನು ಗುಡ್ಡೆ ಮಾಡಿ ತೋರಿಸುತ್ತದೆ. ಅಂಕಿಗಳಷ್ಟನ್ನೇ ಕೊಂಡೊಯ್ಯದೆ ಕಚ್ಚಾ ದಾಖಲೆಯನ್ನೂ ಕೇಳಿ ಪಡೆಯಿರಿ.

ರೋಧದ ಪ್ರಯೋಗಕ್ಕೂ ಇದೇ ಅನ್ವಯಿಸುತ್ತದೆ. ಬದಲಾವಣೆಯ ನಡುವೆ ಬಿಲ್ಲೆ ಶಾಖ ಬಿಡುತ್ತಿರುವಾಗ ಸೆನ್ಸರ್‌ಗೂ ಅದಕ್ಕೂ ನಡುವಿನ ಅಂತರ ಇನ್ನಷ್ಟು ಹೆಚ್ಚುತ್ತದೆ. ಕಾಕಾ ಹೇಳಿದ ಸರಳರೇಖೆ ಪೂರ್ತಿ ಸರಳವಾಗಿರಲಿಕ್ಕಿಲ್ಲ. ನನ್ನನ್ನು ಕೇಳಿದರೆ, ಆ ಇಪ್ಪತ್ತು ಕೆಲ್ವಿನ್ ವ್ಯಾಪ್ತಿಯಲ್ಲಿ ಓಡಿಸುವುದನ್ನೇ ಬಿಟ್ಟು, ಅರ್ಧರ್ಧ ಕೆಲ್ವಿನ್‌ಗೆ ನಿಲ್ಲಿಸಿ, ಓದು ಸ್ಥಿರವಾದ ಮೇಲೆ ಅಳೆಯಬೇಕು.

ಹೀಲಿಯಂ ಕಾಕಾ, ಚೆಂಬೂರು

ನಿಲ್ಲಿಸಿ ಅಳೆಯುವುದು ಶಾಸ್ತ್ರಕ್ಕೆ ಸರಿ. ಆದರೆ ಆಕೆಯ ಬಳಿ ತಾಪಮಾನವನ್ನು ತಾನೇ ಹಿಡಿದಿಡುವ ನಿಯಂತ್ರಕವಿಲ್ಲ, ಸಾರಜನಕ ಆವಿಯಾಗುತ್ತಲೇ ಇರುತ್ತದೆ. ಇಡೀ ದಿನ ಕೂತರೂ ಮುಗಿಯದು. ಮೊದಲು ಮೂರು ವೇಗಗಳಲ್ಲಿ ತೆಗೆಯಲಿ.

ಸುಮ್ಮನೆ ಓದುಗ, ಠಾಣೆ

ಕ್ಷಮಿಸಿ, ತಿಳಿಯದೆ ಕೇಳುತ್ತಿದ್ದೇನೆ. ಒಂದು ಕಪ್ಪು ಬಿಲ್ಲೆ ಎಲ್ಲಿ ತಿರುಗುತ್ತದೆ ಎಂದು ಹತ್ತು ಕೆಲ್ವಿನ್, ಹನ್ನೊಂದು ಕೆಲ್ವಿನ್ ಎಂದು ಜಗಳವಾಡುವುದರಿಂದ ಯಾರಿಗೆ ಏನು ಪ್ರಯೋಜನ?

ಡೊಂಬಿವಲಿ ಲೋಕಲ್

ಎಂ.ಆರ್.ಐ. ಆಯಸ್ಕಾಂತದ ನಿಯೋಬಿಯಂ–ಟೈಟಾನಿಯಂ ತಂತಿ 9 ಕೆಲ್ವಿನ್ ಹತ್ತಿರ ಅತಿವಾಹಕವಾಗುತ್ತದೆ, ಎಂದರೆ ಅದರ ರೋಧ ಸೊನ್ನೆಯಾಗುತ್ತದೆ. ಅದು ದ್ರವ ಹೀಲಿಯಂನ 4.2 ಕೆಲ್ವಿನ್‌ನಲ್ಲಿ ಮುಳುಗಿ ಕೂತಿರುವುದರಿಂದ ನಿಮ್ಮ ಮಂಡಿಯ ಚಿತ್ರ ಬರುತ್ತದೆ. ಒಂದು ಭಾಗ ತುಸು ಬೆಚ್ಚಗಾದರೂ ಅಲ್ಲಿ ರೋಧ ಹುಟ್ಟಿ, ಶಾಖ ಹುಟ್ಟಿ, ಇಡೀ ಹೀಲಿಯಂ ಕೊಳವೆಯಿಂದ ಭುಸ್ಸೆಂದು ಹೊರಗೆ ಹೋಗುತ್ತದೆ. ಒಂದೆರಡು ಕೆಲ್ವಿನ್‌ಗೆ ಎಷ್ಟು ಬೆಲೆ ಎಂದು ಆಗ ಆಸ್ಪತ್ರೆಯವರನ್ನು ಕೇಳಿ. ಒಂದು ಲೀಟರ್ ದ್ರವ ಸುಮಾರು 750 ಲೀಟರ್ ಅನಿಲವಾಗುತ್ತದೆ, ಮತ್ತು ನಮ್ಮ ದೇಶ ಹೀಲಿಯಂಗೆ ಆಮದನ್ನೇ ನಂಬಿಕೊಂಡಿದೆ.

ಅಂದ ಹಾಗೆ, ಧಾರವಾಡದವರೇ, ನಿಮ್ಮ ಕೊಠಡಿಯ ಕಿಟಕಿ ತೆರೆದಿರಲಿ. ಸಾರಜನಕವೂ ಹೆಚ್ಚುಕಡಿಮೆ 700 ಪಟ್ಟು ಹಿಗ್ಗುತ್ತದೆ. ಅದಕ್ಕೆ ವಾಸನೆಯಿಲ್ಲ, ಆಮ್ಲಜನಕ ಕಡಿಮೆಯಾದದ್ದು ಗೊತ್ತಾಗುವ ಮೊದಲೇ ಮನುಷ್ಯ ಬೀಳುತ್ತಾನೆ.

ಮಿಲಿಕೆಲ್ವಿನ್, ಕೊಲಾಬಾ

ಠಾಣೆಯವರಿಗೆ: ಪ್ರಯೋಜನದ ಮಾತು ಡೊಂಬಿವಲಿಯವರು ಹೇಳಿದರು. ಪ್ರಯೋಜನ ಕೇಳದೆ ಮಾಡಿದ ಅಳತೆಯೊಂದು ಇದೇ ಮುಂಬೈಯಲ್ಲಿ ನಡೆದಿದೆ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಎಸ್. ರಾಮಕೃಷ್ಣನ್ ಅವರ ತಂಡ ಶುದ್ಧ ಬಿಸ್ಮತ್ ಹರಳು 0.53 ಮಿಲಿಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ ಎಂದು ತೋರಿಸಿತು. 2016ರ ಡಿಸೆಂಬರಿನಲ್ಲಿ ಅದು ಪ್ರಕಟವಾಯಿತು. ಬಿಸ್ಮತ್‌ನಲ್ಲಿ ಸುಮಾರು ಒಂದು ಲಕ್ಷ ಪರಮಾಣುಗಳಿಗೆ ಒಂದೇ ಒಂದು ಚಲಿಸುವ ಎಲೆಕ್ಟ್ರಾನ್. ಇಷ್ಟು ಕಡಿಮೆ ಇರುವಲ್ಲಿ ಅತಿವಾಹಕತೆಯನ್ನು ರೂಢಿಯ ಸಿದ್ಧಾಂತ ನಿರೀಕ್ಷಿಸುವುದಿಲ್ಲ.

ಆ ಪ್ರಯೋಗದಲ್ಲಿ ನನ್ನ ಮನಸ್ಸನ್ನು ಹಿಡಿಯುವುದು ತಾಪಮಾನಕ್ಕಿಂತ ಕಾಂತಕ್ಷೇತ್ರದ ಲೆಕ್ಕ. ಬಿಸ್ಮತ್‌ನ ಅತಿವಾಹಕತೆಯನ್ನು ಕೆಡಿಸಲು 5.2 ಮೈಕ್ರೋಟೆಸ್ಲಾ ಸಾಕು. ಮುಂಬೈಯಲ್ಲಿ ಭೂಮಿಯ ಕಾಂತಕ್ಷೇತ್ರವೇ ಸುಮಾರು 40 ಮೈಕ್ರೋಟೆಸ್ಲಾ. ಎಂದರೆ ಎಷ್ಟೇ ತಣಿಸಿದರೂ, ಭೂಮಿಯನ್ನು ಹೊರಗಿಡದೆ ಅದು ಕಾಣಿಸುವುದಿಲ್ಲ. ಹರಳಿನ ಸುತ್ತ ಕಾಂತ ಕವಚ ಹಾಕಿ, ತಾಮ್ರದ ಪರಮಾಣು ಬೀಜಗಳ ಕಾಂತತ್ವವನ್ನು ಇಳಿಸುವ ವಿಧಾನದಿಂದ ತಣಿಸಿ, ರೋಧದ ಬದಲು ಕಾಂತತ್ವವನ್ನು ಅಳೆದರು. ಆ ಮಟ್ಟದಲ್ಲಿ ಕರೆಂಟ್ ಹರಿಸುವುದೆಂದರೆ ಬೆಂಕಿ ಹಚ್ಚಿದಂತೆಯೇ ಸರಿ. ಅದೂ ಅಲ್ಲದೆ ರೋಧ ಸೊನ್ನೆಯಾಗಲು ಹರಳಿನೊಳಗೆ ಒಂದೇ ಒಂದು ಎಳೆ ಅತಿವಾಹಕವಾದರೂ ಸಾಕು. ಅತಿವಾಹಕ ಮಾಡುವಂತೆ ಕಾಂತಕ್ಷೇತ್ರವನ್ನು ಹೊರದಬ್ಬಬೇಕಾದರೆ ಇಡೀ ಹರಳು ಒಪ್ಪಬೇಕು.

ಮಿಲಿಕೆಲ್ವಿನ್‌ನಲ್ಲಿ ಇನ್ನೊಂದು ವಿಚಿತ್ರವಿದೆ. ಹರಳಿನ ಚೌಕಟ್ಟು ತಣ್ಣಗಿರುತ್ತದೆ, ಅದರೊಳಗಿನ ಎಲೆಕ್ಟ್ರಾನ್‌ಗಳು ಬೆಚ್ಚಗಿರುತ್ತವೆ. ಲೋಹದಲ್ಲಿ ಅವೆರಡರ ನಡುವಿನ ಶಾಖದ ಕೊಡುಕೊಳ್ಳುವಿಕೆ ತಾಪಮಾನದ ಐದನೆಯ ಘಾತದಂತೆ ಕುಸಿಯುತ್ತದೆ. ತಾಪಮಾನ ಹತ್ತನೆಯ ಒಂದಕ್ಕೆ ಇಳಿದರೆ ಸಂಪರ್ಕ ಲಕ್ಷದಲ್ಲಿ ಒಂದಕ್ಕೆ. ಅಳತೆಯ ತಂತಿ ಆಂಟೆನಾ ಆಗಿ ಮೊಬೈಲ್ ಸಂಕೇತವನ್ನು ಹಿಡಿದುಕೊಂಡರೆ ಎಲೆಕ್ಟ್ರಾನ್ ಬಿಸಿಯಾಗುತ್ತದೆ, ಥರ್ಮಾಮೀಟರ್ ಏನೂ ಆಗದಂತೆ 10 ಮಿಲಿಕೆಲ್ವಿನ್ ಎನ್ನುತ್ತದೆ. ಅಲ್ಲಿ ಯಾರ ತಾಪಮಾನ ಎಂಬ ಕಾಕಾ ಅವರ ಪ್ರಶ್ನೆ ಒಂದೇ ಹರಳಿನೊಳಗೂ ಏಳುತ್ತದೆ.

ಸುಮ್ಮನೆ ಓದುಗ, ಠಾಣೆ

ಅರ್ಧ ತಿಳಿಯಿತು. ಉಳಿದರ್ಧಕ್ಕೆ ಇಲ್ಲೇ ಕೂತಿರುತ್ತೇನೆ.

ಧಾರವಾಡದ ಹುಡುಗಿ, ಪುಣೆ

ಮೇಷ್ಟ್ರ ಊಹೆ ಸರಿ, ಸೋರ್ಸಿನ ಮಿತಿ 20 ವೋಲ್ಟ್. ಕರೆಂಟನ್ನು 1 ಮೈಕ್ರೋಆಂಪಿಯರ್‌ಗೆ ಇಳಿಸಿದ ಮೇಲೆ ಚಪ್ಪಟೆ ಭಾಗ ಮಾಯವಾಗಿದೆ. ರೋಧ ಏರುತ್ತಲೇ ಹೋಗುತ್ತದೆ. ಕಾಕಾ, ವೇಗ ಬದಲಿಸಿ ಅಳೆದಿದ್ದೇನೆ. ನಿಮಿಷಕ್ಕೆ 5 ಕೆಲ್ವಿನ್‌ಗೆ ಅಂತರ 18, 2 ಕೆಲ್ವಿನ್‌ಗೆ 13.5, ಅರ್ಧ ಕೆಲ್ವಿನ್‌ಗೆ 11.2. ಗೆರೆ ಬಹುತೇಕ ನೇರ. ಸೊನ್ನೆಯಲ್ಲಿ ಹತ್ತೂವರೆಗೆ ತುಸು ಕೆಳಗೆ ಮುಟ್ಟುತ್ತದೆ.

ಹೀಲಿಯಂ ಕಾಕಾ, ಚೆಂಬೂರು

ಭಲೆ! ಇಳಿಜಾರಿನ ಅರ್ಧ ತೆಗೆದರೆ ಮುಕ್ಕಾಲು ನಿಮಿಷ ಬರುತ್ತದೆ. ಅಂದರೆ ನಿನ್ನ ಬಿಲ್ಲೆಗೆ ಸುದ್ದಿ ಮುಟ್ಟಲು 45 ಸೆಕೆಂಡ್. ಕಾಗದ ದಪ್ಪವಾಯಿತು. ಸಿಗರೇಟ್ ಕಾಗದ ಹಾಕಿ, ವಾರ್ನಿಷ್ ತೆಳುವಾಗಿ ಎಳೆ. ಕೊಳವೆಯೊಳಗೆ ಪೂರ್ತಿ ನಿರ್ವಾತ ಇಡುವ ಬದಲು ಒಂದು ಚೂರು ಹೀಲಿಯಂ ಅನಿಲ ಬಿಟ್ಟರೆ ಅದು ಬಿಲ್ಲೆಯ ಎಲ್ಲ ಮೈಯಿಂದ ಶಾಖ ಒಯ್ಯುತ್ತದೆ. ಗಾಳಿಯನ್ನು ಮಾತ್ರ ಬಿಡಬೇಡ. ಆಮ್ಲಜನಕ 90 ಕೆಲ್ವಿನ್‌ಗೆ ದ್ರವವಾಗಿ ತಳದಲ್ಲಿ ಕೂರುತ್ತದೆ, ಮುಚ್ಚಿದ ಕೊಳವೆ ಬೆಚ್ಚಗಾಗುವಾಗ ಆವಿಯಾಗಿ ಒಡೆದು ಹಾರಬಹುದು. ಕಾಂತತ್ವ ಅಳೆಯುವವರಿಗೂ ಈ ಆಮ್ಲಜನಕದ ಕಾಟವಿದೆ: 44 ಕೆಲ್ವಿನ್ ಆಚೀಚೆ ಗ್ರಾಫಿನಲ್ಲಿ ಒಂದು ಗೂನು ಬರುತ್ತದೆ, ಹೊಸ ಕಾಂತೀಯ ವಸ್ತು ಸಿಕ್ಕಿತೆಂದು ಹುಡುಗರು ಕುಣಿಯುತ್ತಾರೆ. ಅದು ಸ್ಯಾಂಪಲ್ಲಿಗೆ ಅಂಟಿದ ಘನ ಆಮ್ಲಜನಕ, ಅಷ್ಟೇ. ಇಲ್ಲಿಯ ಮಳೆಗಾಲದ ಗಾಳಿಯಲ್ಲಿ ಸ್ಯಾಂಪಲ್ ಕೋಣೆಯನ್ನು ಎರಡು ನಿಮಿಷ ತೆರೆದಿಟ್ಟರೂ ನೀರೂ ಒಳಗೆ ಹೋಗಿ ಹೆಪ್ಪುಗಟ್ಟುತ್ತದೆ.

ನಮ್ಮ ಕಾಲದಲ್ಲಿ ಹೀಲಿಯಂ ಎಷ್ಟಿದೆ ಎಂದು ತಿಳಿಯಲು ಮೀಟರ್ ಇರಲಿಲ್ಲ. ಸಣ್ಣ ಸ್ಟೀಲ್ ನಳಿಕೆ, ಮೇಲ್ತುದಿಗೆ ಬಿಗಿದು ಕಟ್ಟಿದ ರಬ್ಬರ್ ಹಾಳೆ. ನಳಿಕೆಯನ್ನು ಪಾತ್ರೆಯೊಳಗೆ ಇಳಿಸುತ್ತ ರಬ್ಬರಿನ ಮೇಲೆ ಬೆರಳಿಟ್ಟರೆ ಅದು ಮಿಡಿಯುತ್ತದೆ. ತುದಿ ದ್ರವದಲ್ಲಿದ್ದಾಗ ನಿಧಾನ, ಗಟ್ಟಿ ಮಿಡಿತ. ದ್ರವದಿಂದ ಮೇಲೆ ಬಂದೊಡನೆ ಸಣ್ಣಗೆ, ವೇಗವಾಗಿ ನಡುಗುತ್ತದೆ. ಆ ಬದಲಾದ ಜಾಗದಲ್ಲಿ ಗುರುತು ಹಾಕಿ ಸ್ಕೇಲ್ ಹಿಡಿದರೆ ಮಟ್ಟ ಸಿಕ್ಕಿತು. ಈಗಲೂ ಎಲೆಕ್ಟ್ರಾನಿಕ್ ಮೀಟರಿಗಿಂತ ಆ ರಬ್ಬರನ್ನೇ ನಾನು ನಂಬುತ್ತೇನೆ.

ಕಾರವಾರದ ಮೇಷ್ಟ್ರು, ಪಣಜಿ

ಕಾಕಾ ಅವರ ರಬ್ಬರಿಗೆ ನನ್ನದೊಂದು ಡಯೋಡ್ ಸೇರಿಸಿ. ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಸಿಲಿಕಾನ್ ಡಯೋಡಿಗೆ 10 ಮೈಕ್ರೋಆಂಪಿಯರ್ ಹರಿಸಿ ವೋಲ್ಟೇಜ್ ನೋಡಿ. ಕೊಠಡಿಯಲ್ಲಿ ಅರ್ಧ ವೋಲ್ಟ್ ಆಸುಪಾಸು, ದ್ರವ ಸಾರಜನಕದಲ್ಲಿ ಒಂದು ವೋಲ್ಟ್ ಹತ್ತಿರ, ನಡುವೆ ಕೆಲ್ವಿನ್‌ಗೆ ಎರಡು ಮಿಲಿವೋಲ್ಟ್‌ನಂತೆ ಏರುತ್ತದೆ. ನಮ್ಮ ಕಾಲೇಜಿಗೆ ಸಾರಜನಕ ಬರುವುದು ದನಗಳ ಕೃತಕ ಗರ್ಭಧಾರಣೆ ಕೇಂದ್ರಕ್ಕೆ ಹೋಗುವ ಗಾಡಿಯಲ್ಲೇ. ಒಂದು ಪಾತ್ರೆ ನಮಗೂ ಇಳಿಸಿ ಹೋಗುತ್ತಾರೆ. ಅಷ್ಟರಲ್ಲೇ ಹುಡುಗರಿಂದ ಡಯೋಡುಗಳ ಗೆರೆ ತೆಗೆಸುತ್ತೇನೆ.

ನೀವು ಮಾಡಬೇಕಾದದ್ದು: ನಿಮ್ಮ ಬಿಲ್ಲೆಯಂಥದ್ದೇ ಇನ್ನೊಂದು ಬಿಲ್ಲೆಯನ್ನು ಅದೇ ಕಾಗದ, ಅದೇ ವಾರ್ನಿಷ್‌ನಿಂದ ಪಕ್ಕದಲ್ಲಿ ಅಂಟಿಸಿ, ಅದರ ಬೆನ್ನಿಗೆ ಡಯೋಡ್ ಕೂರಿಸಿ. ಅದು ಪ್ಲಾಟಿನಂಗಿಂತ ಎಷ್ಟು ಹಿಂದುಳಿಯುತ್ತದೆ ಎಂಬುದನ್ನು ನೇರವಾಗಿ ನೋಡಬಹುದು. ಡಯೋಡಿನ ತಂತಿ ಸಪೂರವಾಗಿರಲಿ, ದಿಮ್ಮಿಗೆ ಒಂದೆರಡು ಸುತ್ತು ಸುತ್ತಿ ಆಮೇಲೆ ಡಯೋಡಿಗೆ ಒಯ್ಯಿರಿ. ಇಲ್ಲದಿದ್ದರೆ ಕೊಠಡಿಯ ಶಾಖ ತಂತಿಯಲ್ಲಿ ಇಳಿದು ಡಯೋಡನ್ನೇ ಬೆಚ್ಚಗಿಡುತ್ತದೆ.

ಒಂದು ಸಂಶಯ. ಈ ವಸ್ತು ಅವಾಹಕವಾಗುವಾಗ ಅದರ ಗಾತ್ರ ಶೇಕಡಾ ಒಂದಕ್ಕೂ ಹೆಚ್ಚು ಹಿಗ್ಗುತ್ತದೆ. ಪ್ರತಿ ಸುತ್ತಿಗೂ ಬಿಲ್ಲೆ ಒಳಗೊಳಗೇ ಬಿರುಕು ಬಿಡುತ್ತದೆ. ಪ್ರತಿ ಸಲ ಕೊಠಡಿ ತಾಪಮಾನಕ್ಕೆ ಮರಳಿದಾಗ ರೋಧ ಎಷ್ಟಿತ್ತು? ಬರೆದಿಟ್ಟಿದ್ದೀರಾ?

ಧಾರವಾಡದ ಹುಡುಗಿ, ಪುಣೆ

ಬರೆದಿಟ್ಟಿದ್ದೇನೆ ಸರ್. ಮೊದಲು 0.62 ಓಮ್, ಕೊನೆಗೆ 0.81. ಸಿಲ್ವರ್ ಪೇಸ್ಟ್ ಸಡಿಲವಾಯಿತೇನೋ ಎಂದುಕೊಂಡಿದ್ದೆ.

ಮಿಲಿಕೆಲ್ವಿನ್, ಕೊಲಾಬಾ

ನಾಲ್ಕು ತಂತಿಯ ಅಳತೆಯಲ್ಲಿ ಪೇಸ್ಟಿನ ರೋಧ ಲೆಕ್ಕಕ್ಕೆ ಬರುವುದಿಲ್ಲ. ಬಿರುಕೇ ಇರಬೇಕು. ಹಾಗಿದ್ದರೆ 5, 2, ಅರ್ಧ, ಇದೇ ಕ್ರಮದಲ್ಲಿ ತೆಗೆದಿರಾ? ಬಿಲ್ಲೆ ಬಿರುಕು ಬಿಡುತ್ತಾ ಹೋದದ್ದೂ ವೇಗ ಇಳಿಯುತ್ತಾ ಹೋದದ್ದೂ ಒಟ್ಟಿಗೇ ನಡೆದಿದ್ದರೆ ಅಂತರ ಕಡಿಮೆಯಾದದ್ದು ಯಾವುದರಿಂದ ಎಂದು ಹೇಳಲಾಗದು. ಅದೇ ಬಿಲ್ಲೆಯನ್ನು ಈಗ ಮತ್ತೆ 5ರ ವೇಗದಲ್ಲಿ ಓಡಿಸಿ. 18ರ ಹತ್ತಿರ ಮರಳಿ ಬಂದರೆ ನಿಮ್ಮ ಗೆರೆ ನಿಲ್ಲುತ್ತದೆ.

ಧಾರವಾಡದ ಹುಡುಗಿ, ಪುಣೆ

ಅದೇ ಕ್ರಮದಲ್ಲೇ ತೆಗೆದಿದ್ದೆ. ಪಾತ್ರೆಯಲ್ಲಿ ಉಳಿದಿದ್ದ ಸಾರಜನಕದಲ್ಲೇ ಈಗ ಮತ್ತೆ 5ಕ್ಕೆ ಓಡಿಸಿದೆ: 17.7. ಕೊಠಡಿಯ ರೋಧ 0.84 ಓಮ್ ಆಗಿದೆ.

ಹೀಲಿಯಂ ಕಾಕಾ, ಚೆಂಬೂರು

ಹಾಗಾದರೆ ಅಂತರ ಹತ್ತೂವರೆ ಎಂದೇ ಬರೆ, ಎರಡೂ ಬದಿಗೆ ಅರ್ಧ ಕೆಲ್ವಿನ್ ಅನುಮಾನ ಇಟ್ಟು. ರೋಧದ ಅಂಕಿಗಳನ್ನು ಮಾತ್ರ ಈ ಬಿಲ್ಲೆಯಿಂದ ಕೊಡಬೇಡ, ಹೊಸದನ್ನು ಒತ್ತಿಸಿಕೊಂಡು ಮೊದಲ ಸುತ್ತಿನಲ್ಲೇ ತೆಗೆ.